ಉಪ್ಪುನೀರಿನ ಬದನೆಕಾಯಿ

ಆಂಡರ್ಸನ್‌ಪೇಟೆಯ ಮಟ್ಟಿಗೆ ಗುರುತರವೆನ್ನಬಹುದಾದ ಒಂದು ಸಂಗತಿಯನ್ನು, ಅದರ ಘನತೆಗೆ ಕುಂದು ಬಾರದ ಹಾಗೆ, ಮೊದಲೇ ತಿಳಿಸಿಬಿಡಬೇಕು: ಶನಿವಾರ ಬೆಳಿಗ್ಗೆ ಅಂಬರೀಶನ ಮನೆಯ ಬದನೆಕಾಯಿ ಬಾಯಿ ತೆರೆಯಲಿಲ್ಲ. ಶುಕ್ರವಾರವೂ ತೆರೆದಿರಲಿಲ್ಲ. ಆದರೆ ಶುಕ್ರವಾರಕ್ಕೆ ಕಾರಣಗಳಿದ್ದವು. ಮಧ್ಯಾಹ್ನ ಕರೆಂಟು ಹೋಗಿತ್ತು. ಹಿಂದಿನ ಬೀದಿಯಲ್ಲಿ ಯಾರೋ ಬೋರ್‌ವೆಲ್ ಕೊರೆಸುತ್ತಿದ್ದು ಗೋಡೆಯೆಲ್ಲ ಗಡಗಡ ಅನ್ನುತ್ತಿತ್ತು. ಅಂಥ ಸದ್ದಿಗೆ ಮನುಷ್ಯರೇ ಬಾಯಿ ಮುಚ್ಚಿಕೊಂಡು ಕೂರುತ್ತಾರೆ. ಶನಿವಾರ ಬೀದಿ ತಣ್ಣಗಿತ್ತು, ಪಂಪು ಓಡುತ್ತಿತ್ತು, ನೀರು ತಿಳಿಯಾಗಿತ್ತು. ಬದನೆಕಾಯಿ ಮಾತ್ರ ಗಾಜಿನ ಟ್ಯಾಂಕಿನ ಮೂಲೆಯಲ್ಲಿ ಮುದುಡಿಕೊಂಡು, ಮಾತು ಬಿಟ್ಟ ಬೀಗರ ಹಾಗೆ ಗೋಡೆಯ ಕಡೆ ತಿರುಗಿತ್ತು. ಅಂಬರೀಶ ಬಾಯಲ್ಲಿ ಹಲ್ಲುಜ್ಜುವ ಬ್ರಷ್ಷು ಇಟ್ಟುಕೊಂಡೇ ಅದರ ಮುಂದೆ ಕುಕ್ಕರಗಾಲಲ್ಲಿ ಕೂತ. ನೊರೆ ಗಲ್ಲಕ್ಕೆ ಇಳಿಯಿತು. ಒರೆಸಿಕೊಳ್ಳಲಿಲ್ಲ.

ಅದು ಬದನೆಕಾಯಿಯಲ್ಲ ಎಂದು ಅವನು ಈ ಬೀದಿಗೆ ಎಷ್ಟೋ ಸಲ ವಿವರಿಸಿದ್ದಾನೆ. ಕಡಲಿನ ಪ್ರಾಣಿ, ಬೆನ್ನುಮೂಳೆಯಿಲ್ಲದ್ದು, ಕಣ್ಣಿಲ್ಲದ್ದು. ಇಂಗ್ಲಿಷಿನವರು ಸಮುದ್ರದ ಸೇಬು ಎಂದು ಕರೆಯುತ್ತಾರೆ. ಕರೆಯಲಿ. ನೇರಳೆ ಮೈ, ಉದ್ದಕ್ಕೂ ಹಳದಿ ಗೆರೆ, ತೊಟ್ಟಿನ ಕಡೆ ಸ್ವಲ್ಪ ಬಾಗು. ನೋಡಿದವರು ಯಾರೂ ಸೇಬು ಅನ್ನಲಿಲ್ಲ. ಎದುರುಮನೆಯ ಶ್ರೀರಾಮಪ್ಪ, ಚಿನ್ನದ ಮೈನ್ಸು ಮುಚ್ಚುವ ತನಕ ಅದರೊಳಗೆ ದುಡಿದು ಈಗ ಬೀದಿಯ ಆಗುಹೋಗುಗಳ ಉಸ್ತುವಾರಿ ಹೊತ್ತಿರುವವರು, ಮೊದಲ ದಿನವೇ ಕನ್ನಡಕ ಮೇಲಕ್ಕೇರಿಸಿ ಬಗ್ಗಿ ನೋಡಿ, ಇದು ಕತ್ರಿಕಾಯಲ್ವೇನಪ್ಪಾ ಅಂದುಬಿಟ್ಟರು. ತಮಿಳಿನವರಿಗೆ ಕತ್ರಿಕಾಯಿ, ತೆಲುಗಿನವರಿಗೆ ವಂಕಾಯಿ, ಮನೆಯಲ್ಲಿ ಬದನೆಕಾಯಿ. ಮೂರು ಭಾಷೆ ಆಡುವ ಊರು ಇದೊಂದು ವಿಷಯದಲ್ಲಿ ಒಮ್ಮತಕ್ಕೆ ಬಂತು. ಕೊನೆಕೊನೆಗೆ ಅವನ ಮನಸ್ಸಿನೊಳಗೂ ಅದು ಬದನೆಕಾಯಿಯೇ ಆಯಿತು, ಅದಕ್ಕೆ ಅವನಿಗೆ ಊರಿನ ಮೇಲೆ ಸಿಟ್ಟಿತ್ತು. ಬಾಯಿ ತೆರೆದಾಗ ನೋಡಬೇಕಿತ್ತು ಅದನ್ನು. ತುದಿಯಿಂದ ಬಿಳಿಗೆಂಪು ಗರಿಗಳು ಹೊರಟು ನೀರಲ್ಲಿ ಹರಡಿಕೊಳ್ಳುತ್ತಿದ್ದವು. ಆಮೇಲೆ ಒಂದೊಂದೇ ಗರಿಯನ್ನು ಬಾಯಿಗೆ ತುರುಕಿ ಚೀಪುತ್ತಿತ್ತು, ಮುದ್ದೆ ಉಂಡು ಬೆರಳು ನೆಕ್ಕುವ ಮುದುಕನ ಹಾಗೆ, ಯಾವ ಅವಸರವೂ ಇಲ್ಲದೆ. ಅದನ್ನು ನೋಡುತ್ತ ಕೂತರೆ ಅಂಬರೀಶನಿಗೆ ಕೆಲಸದಲ್ಲಿ ದಿನವೆಲ್ಲ ಕೇಳಿದ ಡೈರಿಯ ಕ್ಯಾನುಗಳ ಸದ್ದು ಕಿವಿಯಿಂದ ಇಳಿಯುತ್ತಿತ್ತು. ಯಾರನ್ನಾದರೂ ಕರೆದು ತೋರಿಸೋಣವೆಂದು ಎದ್ದರೆ ಗರಿಗಳೆಲ್ಲ ಒಳಗೆ ಹೋಗಿ ಮತ್ತೆ ತರಕಾರಿ.

‘ಅಪ್ಪಾ, ಅದನ್ನ ಬಕೀಟಿಗೆ ಹಾಕ್ಬಿಡು’ ಅಂದಳು ಲಿಖಿತ. ಒಂಬತ್ತನೇ ಕ್ಲಾಸಿನ ಹುಡುಗಿ, ಶಾಲೆಗೆ ಹೊರಟು ಎರಡನೆಯ ಜಡೆಗೆ ರಿಬ್ಬನ್ನು ಕಟ್ಟುತ್ತಿದ್ದಳು. ಟ್ಯಾಂಕಿನಲ್ಲಿದ್ದ ಎರಡು ಕಿತ್ತಳೆ ಬಣ್ಣದ ಜೋಕರ್ ಮೀನು ಅವಳವು. ಅವು ಮರಿಯಾಗಿದ್ದಾಗಿಂದ ಸಾಕಿದ್ದಳು. ಅವಳು ಗಾಜಿಗೆ ಬೆರಳಿಟ್ಟರೆ ಬೆರಳಿನ ಹಿಂದೆಯೇ ಬರುತ್ತಿದ್ದವು. ಬಕೀಟಿನ ಮಾತು ಅವಳಿಗೆ ಅಪ್ಪನೇ ಕಲಿಸಿದ್ದು. ಹೆದರಿಸಿದರೆ, ಉಪವಾಸ ಬಿದ್ದರೆ, ಸಾಯತೊಡಗಿದರೆ ಆ ಪ್ರಾಣಿ ಮೈಯೊಳಗಿನ ವಿಷವನ್ನೆಲ್ಲ ನೀರಿಗೆ ಬಿಟ್ಟುಬಿಡುತ್ತದೆ. ಆಮೇಲೆ ಟ್ಯಾಂಕಿನಲ್ಲಿ ಮೀನೊಂದೂ ಉಳಿಯುವುದಿಲ್ಲ. ಬಾಡುತ್ತಿದೆ ಅನ್ನಿಸಿದರೆ ಕಾಯಬಾರದು, ಬೇರೆ ಬಕೀಟಿಗೆ ತೆಗೆಯಬೇಕು. ಅವನೇ ಹೇಳಿದ್ದು. ಆಗ ತೋರುಬೆರಳು ಎತ್ತಿದ್ದ ನೆನಪೂ ಅವನಿಗಿತ್ತು.

ಬಕೀಟು ತಯಾರಿತ್ತು. ಎದ್ದ ಕೂಡಲೇ ಕ್ಯಾನಿನ ಕುಡಿಯುವ ನೀರು ಸುರಿದು, ಬೆಂಗಳೂರಿನಿಂದ ತಂದ ಉಪ್ಪು ಕದಡಿ, ಅಳತೆಯ ಕೊಳವೆ ತೇಲಿಬಿಟ್ಟು ನೋಡಿ, ಗಾಳಿಯ ನಳಿಕೆಯನ್ನೂ ಇಳಿಬಿಟ್ಟಿದ್ದ. ಗುಳುಗುಳು ಎಂದು ಗುಳ್ಳೆ ಏಳುತ್ತಿತ್ತು. ಅವನು ತೋಳು ಮೇಲಕ್ಕೆ ಮಡಿಸಿ ಟ್ಯಾಂಕಿನೊಳಗೆ ಮೊಣಕೈಯವರೆಗೂ ಇಳಿಸಿದ. ಬೆರಳು ಇನ್ನೇನು ಆ ನೇರಳೆ ಮೈಯನ್ನು ಮುಟ್ಟಬೇಕು, ಹಿಂದಿನಿಂದ ಹೊಲಿಗೆ ಮಷೀನಿನ ಸದ್ದು ನಿಂತಿತು. ಹೆಂಡತಿ ಶಶಿರೇಖ ಕುತ್ತಿಗೆಗೆ ಅಳತೆಪಟ್ಟಿ ಹಾಕಿಕೊಂಡು ತಿರುಗಿ ನೋಡುತ್ತಿದ್ದಳು. ಅವಳು ಟ್ಯಾಂಕನ್ನು ನೋಡುತ್ತಿರಲಿಲ್ಲ, ಟ್ಯಾಂಕು ನಿಂತ ಮೂಲೆಯನ್ನು ನೋಡುತ್ತಿದ್ದಳು. ಮನೆಯಲ್ಲಿ ಬೆಳಕು ಬರುವ ಮೂಲೆ ಅದೊಂದೇ, ಪ್ಲಗ್ ಪಾಯಿಂಟು ಸರಿಯಾಗಿರುವುದೂ ಅಲ್ಲಿ. ಬ್ಲೌಸಿನ ಅಂಚು ನೂಲು ಬಿಡದ ಹಾಗೆ ಓವರ್‌ಲಾಕ್ ಮಾಡಿಸಲು ಅವಳು ಗಂಟು ಕಟ್ಟಿಕೊಂಡು ರಾಬರ್ಟ್‌ಸನ್‌ಪೇಟೆಗೆ ಆಟೋದಲ್ಲಿ ಹೋಗಿಬರುತ್ತಿದ್ದಳು. ಸ್ವಂತ ಓವರ್‌ಲಾಕ್ ಮಷೀನು ಇಡಲು ಜಾಗವಿಲ್ಲ. ಇದ್ದ ಜಾಗದಲ್ಲಿ ಬದನೆಕಾಯಿ ಇತ್ತು. ಕರೆಂಟು ಹೋದಾಗ ಇನ್ವರ್ಟರು ನಡೆಸುತ್ತಿದ್ದುದೂ ಬದನೆಕಾಯಿಯ ಪಂಪನ್ನು, ಅವಳ ಫ್ಯಾನನ್ನಲ್ಲ.

‘ತೆಗೀತಾ ಇದ್ದೀರಾ? ಸದ್ಯ’ ಅಂದಳು.

ಆ ‘ಸದ್ಯ’ದಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಅವನು ಜಗಳವಾಡಿ, ಆ ರಭಸದಲ್ಲಿ ತೆಗೆದೂ ಬಿಡುತ್ತಿದ್ದನೇನೋ. ಬರೀ ನಿರಾಳವಿತ್ತು, ಬಹಳ ದಿನ ತಡೆದುಕೊಂಡ ಮನುಷ್ಯರು ಬಿಡುವ ಉಸಿರು. ಅಂಬರೀಶನ ಕೈ ನೀರಿನೊಳಗೆ ಹಾಗೇ ನಿಂತಿತು, ಆಮೇಲೆ ಬರಿದಾಗಿ ಮೇಲೆ ಬಂತು. ಇನ್ನೂ ಸ್ವಲ್ಪ ನೋಡೋಣ, ಒಮ್ಮೊಮ್ಮೆ ಹೀಗೆ ಮುದುಡುತ್ತದೆ, ಎಂದು ಟವೆಲಿಗೆ ಹೇಳಿದ. ಹೊರಡುವ ಮುಂಚೆ ಖಂಡಿತ ತೆಗೀತೀಯಾ ಎಂದು ಲಿಖಿತ ಕೇಳಿದಳು. ತೆಗೀತೀನಿ ಅಂದ. ಅವಳು ನಂಬಿ ಹೋದಳು. ಬಾಗಿಲ ಬಳಿ ಸೊಪ್ಪು ಬಿಡಿಸುತ್ತಿದ್ದ ಅವನ ತಾಯಿ ಮುನಿಗಂಗಮ್ಮ ತಲೆಯೆತ್ತದೆ, ‘ಅದಕ್ಯಾಕ್ಲಾ ಅಂಗೆ ಮೊಕ ಮಾಡ್ಕಂಡಿದ್ದೀಯ. ಗಂಗಮ್ಮ ಅವ್ಳೆ ನೀರ್ನಾಗೆ, ನೋಡ್ಕಂತಾಳೆ. ನಾನು ಮಾಡೋದು ನಾನು ಮಾಡಿದ್ದೀನಿ, ನೀನು ಕೆಲ್ಸಕ್ಕೋಗು’ ಅಂದಳು. ಒಳ್ಳೆಯ ನೀರಿಗೆ ಉಪ್ಪು ಹಾಕಿ ಕೆಡಿಸುವವನು ಎಂದು ನಿತ್ಯ ಬೈಯುವ ತಾಯಿ ಸಮಾಧಾನ ಹೇಳಿದ್ದಕ್ಕೆ ಅವನು ಅನುಮಾನ ಪಡಬೇಕಿತ್ತು. ಪಡಲಿಲ್ಲ. ಬೂಟಿನ ದಾರ ಕಟ್ಟಿ, ಬಕೀಟಿನ ಗುಳ್ಳೆಗಳನ್ನು ದಾಟಿ, ಸ್ಕೂಟರು ಹತ್ತಿದ.

ಈ ಊರಿನಲ್ಲಿ ವಿಷ ಎಂದರೆ ಯಾರೂ ಹೆದರುವುದಿಲ್ಲ, ಅದೇ ಅವನ ಮೂಲ ತೊಂದರೆ. ಬೇರೆ ಊರಿನಲ್ಲಾಗಿದ್ದರೆ ಮನೆಯೊಳಗೆ ವಿಷದ ಪ್ರಾಣಿ ಸಾಕಿದವನಿಗೆ ಒಂದು ಗತ್ತು ಬರುತ್ತಿತ್ತು. ಅದು ಬೇಕೆಂದೇ ಅವನು ಅದನ್ನು ತಂದದ್ದು ಎಂದರೆ ಒಪ್ಪುವವನಲ್ಲ, ಆದರೆ ಶಿವಾಜಿನಗರದ ಅಂಗಡಿಯವನು ನಾಲ್ಕು ಬಗೆಯ ಚೆಂದದ ಮೀನು ತೋರಿಸಿದಾಗ ಕೊಳ್ಳದೆ, ಇದು ಡೇಂಜರ್ ಸಾರ್, ಹೊರದೇಶದ್ದು, ಬಿಲ್ ಕೇಳಬೇಡಿ ಎಂದು ಒಳಕೋಣೆಯಿಂದ ಕವರಿನಲ್ಲಿ ತಂದದ್ದನ್ನು ನೋಡಿ ಅವನ ಕೈ ತಾನಾಗಿ ಮುಂದೆ ಹೋಗಿತ್ತು. ಊಟದ ಬ್ಯಾಗಿನೊಳಗೆ ಇಟ್ಟುಕೊಂಡು ಮಾರಿಕುಪ್ಪಂ ರೈಲಿನಲ್ಲಿ ಬರುವಾಗ, ಒತ್ತಿ ನಿಂತ ಜನರ ನಡುವೆ, ನನ್ನ ಬ್ಯಾಗಿನಲ್ಲಿ ಏನಿದೆ ಎಂದು ಇವರಿಗೆ ಗೊತ್ತಿದ್ದರೆ ಎಂದು ಒಬ್ಬನೇ ನಕ್ಕಿದ್ದ. ಈ ಜಾತಿಯದನ್ನು ಇಟ್ಟುಕೊಳ್ಳುವುದು ಅರಣ್ಯ ಇಲಾಖೆಯ ಲೆಕ್ಕದಲ್ಲಿ ಅಪರಾಧ ಎಂದು ಆಮೇಲೆ ತಿಳಿಯಿತು. ಹೆದರಿಕೆಯ ಜೊತೆಗೆ ಸ್ವಲ್ಪ ಎತ್ತರವಾದಂತೆಯೂ ಆಯಿತು. ಆದರೆ ಹೇಳುವುದು ಯಾರಿಗೆ? ಗಣಿಯ ತ್ಯಾಜ್ಯ ಸುರಿದು ಎದ್ದ ಸೈನೈಡ್ ಗುಡ್ಡಗಳ ಬುಡದಲ್ಲಿ ಹುಟ್ಟಿ, ಗಾಳಿ ಬಂದಾಗ ಅದೇ ಪುಡಿಯನ್ನು ಅನ್ನದ ಜೊತೆ ಉಂಡು, ಬೆಳ್ಳಗೆ ಕೆಮ್ಮಿ ಬೆಳೆದ ಜನ. ವಿಷ ಬಿಡುತ್ತದೆ ಎಂದು ಅವನು ಹೇಳಿದಾಗ ಶ್ರೀರಾಮಪ್ಪ, ಬಿಡ್ಲಿ ಬಿಡಪ್ಪ, ನಾವೂ ಒಳಕ್ಕೆ ಬಿಟ್ಕೊಂಡೇ ಬಂದಿದ್ದೀವಿ ಅಂದಿದ್ದರು. ಆಮೇಲೆ ದಿನಾ ಸಂಜೆ ಅದೇ ಪ್ರಶ್ನೆ: ಏನಪ್ಪಾ ಅಂಬರೀಶ, ನಿನ್ನ ಕತ್ರಿಕಾಯಿ ಇವತ್ತಾದ್ರೂ ಯಾರನ್ನಾದ್ರೂ ಸಾಯಿಸ್ತಾ? ಇಲ್ಲ ಎಂದು ಹೇಳುವಾಗ ಅವನಿಗೆ ತಪ್ಪು ಮಾಡಿದವನ ಮುಖ ಬರುತ್ತಿತ್ತು.

ಬಂಗಾರಪೇಟೆಯ ಹೊರಗಿನ ಹಾಲಿನ ಕೇಂದ್ರದಲ್ಲಿ ಅಂಬರೀಶನ ಕೆಲಸ ಪರೀಕ್ಷೆ ಮಾಡುವುದು. ಸುತ್ತಲ ಹಳ್ಳಿಗಳಿಂದ ಕ್ಯಾನು ಬರುತ್ತವೆ. ಅವನು ಮುಚ್ಚಳ ತೆಗೆದು ಮೂಸುತ್ತಾನೆ, ಲ್ಯಾಕ್ಟೋಮೀಟರು ಮುಳುಗಿಸುತ್ತಾನೆ, ಅನುಮಾನ ಬಂದರೆ ಕೊಳವೆಗೆ ಔಷಧಿ ಬಿಟ್ಟು ಬಣ್ಣ ನೋಡುತ್ತಾನೆ. ಒಳಗಿನ ದೊಡ್ಡ ಉಕ್ಕಿನ ತೊಟ್ಟಿಗೆ ಸುರಿಯುವ ಮುಂಚೆ ಕೆಟ್ಟ ಕ್ಯಾನನ್ನು ಬೇರೆ ಮಾಡಬೇಕು. ಸುರಿದ ಮೇಲೆ ಯಾರ ಹಾಲು ಯಾರದೆಂದು ಇಲ್ಲ, ಎಲ್ಲವೂ ಕೆಟ್ಟದ್ದೇ. ಇದನ್ನು ಹೊಸಬರಿಗೆ ಹೇಳಿಕೊಡುವಾಗ ಅವನು ಕ್ಯಾನನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿ ತೋರಿಸುತ್ತಾನೆ. ವಾಪಸ್ ಎಂಬ ಒಂದು ಮಾತು ಅವನದು, ಅದನ್ನು ಅವನು ಕೂಗಿ ಹೇಳುವವನಲ್ಲ. ಮೆಲ್ಲಗೆ, ಬೇರೆ ಕಡೆ ನೋಡಿಕೊಂಡು ಹೇಳುತ್ತಾನೆ. ಶನಿವಾರ ಬೂದಿಕೋಟೆ ಕಡೆಯ ಸೊಸೈಟಿಯ ಮುನಿಸ್ವಾಮಪ್ಪನ ಕ್ಯಾನಿನ ಹಾಲು ಕೊಳವೆಯಲ್ಲಿ ಇಟ್ಟಿಗೆಯ ಬಣ್ಣಕ್ಕೆ ತಿರುಗುವ ಬದಲು ಹಳದಿಗೆ ತಿರುಗಿತು. ನೀರು ಬೆರೆಸಿ, ಲ್ಯಾಕ್ಟೋಮೀಟರಿಗೆ ಗೊತ್ತಾಗದಿರಲೆಂದು ಉಪ್ಪು ಹಾಕಿದ್ದಾರೆ. ವಾಪಸ್ ಅಂದ.

ಮುನಿಸ್ವಾಮಪ್ಪ ಹೋಗಲಿಲ್ಲ. ಹೆಗಲ ಟವೆಲು ಕೊಡವಿ, ಮತ್ತೆ ಹಾಕಿಕೊಂಡು, ‘ಸಾ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕಬಾರ್ದು. ತಾವು ಮನೇಲಿ ಕುಡಿಯೋ ನೀರಿಗೇ ಉಪ್ಪಾಕ್ತೀರಂತೆ. ಅದಕ್ಕೆ ಯಾರೂ ವಾಪಸ್ ಅನ್ನಲ್ಲ. ನಮ್ಮ ಹುಡುಗ್ರು ಹಾಲಿಗೆ ಒಂದಿಡಿ ಆಕಿದ್ರೆ ತಪ್ಪಾ?’ ಅಂದ.

ಕ್ಯಾನು ಇಳಿಸುತ್ತಿದ್ದವರು ನಕ್ಕರು. ಡ್ರೈವರು ನಕ್ಕ. ತೂಕದ ಬಳಿ ಕೂತಿದ್ದ ನರೇಶ್, ಅಂಬರೀಶನ ಕೈಕೆಳಗಿನವನು, ನಗದಿರುವುದಕ್ಕಾಗಿ ಕೆಮ್ಮಿದ; ಅವನೇ ಹೊರಗೆ ಹೇಳಿದವನು ಎಂಬುದು ಆ ಕೆಮ್ಮಿನಿಂದ ತಿಳಿಯಿತು. ಅಂಬರೀಶ ಕೊಳವೆಯನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದ. ಹಳದಿಯೇ. ಎಷ್ಟು ಹೊತ್ತು ನೋಡಿದರೂ ಹಳದಿಯೇ ಇತ್ತು. ಬದನೆಕಾಯಿಯ ಮೈಮೇಲಿನ ಗೆರೆಯೂ ಇದೇ ಹಳದಿ, ಅದು ಈಚೆಗೆ ಮಾಸಿದೆ ಎಂದು ನೆನಪಾಯಿತು. ಮಾಸಿದ್ದು ಯಾವಾಗಿನಿಂದ? ಗೌರಿ ಹಬ್ಬಕ್ಕೂ ಮುಂಚೆ ಅದು ಸಣ್ಣಗಾಗಿತ್ತು. ಬದನೆ ಹೋಗಿ ಹೀರೇಕಾಯಿ ಆಗ್ತಾ ಇದೆ ಎಂದು ಶಶಿರೇಖ ಅಂದಿದ್ದಳು, ಅವನು ಕೇಳಿಸದವನ ಹಾಗೆ ಇದ್ದ. ನೀರಿನಲ್ಲಿ ತೇಲುವ ಕಣ್ಣಿಗೆ ಕಾಣದ ಆಹಾರ ಬೇಕು ಅದಕ್ಕೆ, ಕಡಲಿನಲ್ಲಿ ಹೇರಳವಾಗಿ ಸಿಗುವಂಥದ್ದು. ಆಂಡರ್ಸನ್‌ಪೇಟೆಯಲ್ಲಿ ಅವನು ಬಾಟಲಿಯ ಹಸಿರು ರಸ ಹನಿಸುತ್ತಿದ್ದ. ಅದು ಗರಿ ಬಿಚ್ಚಿ, ಹಿಡಿದು, ಚೀಪಿ, ಬಿಚ್ಚಿ, ಹಿಡಿದು, ಚೀಪುತ್ತಿದ್ದದ್ದು ಅವನಿಗೆ ನೆಮ್ಮದಿಯ ನೋಟವಾಗಿತ್ತಲ್ಲ, ಅದು ಹಸಿವೆಯೂ ಇದ್ದಿರಬಹುದು. ಬರಿಗೈ ಚೀಪುತ್ತಿದ್ದಿರಬಹುದು.

ಪಕ್ಕಕ್ಕೆ ತಳ್ಳಿದ ಕ್ಯಾನು ನೆರಳಿನಲ್ಲಿ ಒಂಟಿಯಾಗಿ ನಿಂತಿತ್ತು. ಅದನ್ನೇ ನೋಡುತ್ತ ಅವನು ಮನೆಗೆ ಫೋನು ಮಾಡಿದ. ಶಶಿರೇಖ ಎತ್ತಿಕೊಂಡಾಗ ಹೊಲಿಗೆ ಮಷೀನು ಇನ್ನೂ ಓಡುತ್ತಲೇ ಇತ್ತು. ಅದು ಬಾಯಿ ತೆರೆಯಿತಾ ಎಂದು ಕೇಳಿದ. ಯಾವುದು ಎಂದಳು. ಅದೇ ಎಂದ. ಮಷೀನು ನಿಂತು, ಅವಳು ಎದ್ದು ಹೋಗಿ ನೋಡಿ ಬಂದು, ಇಲ್ಲ, ಮೈಮೇಲೆ ಬಿಳೀ ನಾರಿನ ಹಾಗೆ ಏನೋ ಎದ್ದಿದೆ ಅಂದಳು. ಅಂಬರೀಶ ಫೋನನ್ನು ಕಿವಿಗೆ ಇನ್ನೂ ಒತ್ತಿಕೊಂಡ.

‘ತೆಗೆದು ಬಕೀಟಿಗೆ ಹಾಕ್ಲೇನ್ರೀ? ಸೌಟಲ್ಲಿ ಎತ್ತಿದ್ರೆ ಬಂದ್‌ಬಿಡುತ್ತೆ.’

ಅವಳು ಕೇಳಿದ್ದು ಅಷ್ಟು ಸುಲಭವಾಗಿ. ಸೌಟಲ್ಲಿ ಎತ್ತಿದರೆ ಬಂದುಬಿಡುತ್ತದೆ, ಅದು ನಿಜವೇ. ಸಾರಿನ ಸೌಟಿನಲ್ಲಿ ಮಲಗಿ, ಬದನೆಕಾಯಿಯೇ ಆಗಿ, ಎರಡು ಹೆಜ್ಜೆ ದಾಟಿ ಬಕೀಟಿಗೆ. ಸಂಜೆ ಶ್ರೀರಾಮಪ್ಪ ಬಂದು, ಏನಪ್ಪಾ, ನಿನ್ನ ಹೆಂಡ್ತಿ ಕತ್ರಿಕಾಯಿ ಎತ್ತಿ ಪಕ್ಕಕ್ಕಿಟ್ಟಳಂತೆ ಅನ್ನುತ್ತಾರೆ. ‘ಮುಟ್ಟಬೇಡ, ವಿಷ ಅದು’ ಎಂದು ಅವನು ಗದರಿದ. ತಾನು ಬಂದು ನೋಡುತ್ತೇನೆ ಅಂದ. ಅವಳು ಆಯಿತು ಎಂದಳು. ಮಷೀನು ಮತ್ತೆ ಓಡತೊಡಗಿತು, ಆಮೇಲೆ ಫೋನು ನಿಂತಿತು. ಗ್ಲೌಸು ಹಾಕಿಕೊಂಡು ಎತ್ತು ಎಂದು ಹೇಳಬಹುದಿತ್ತು. ಅವಳ ಕೈಗೆ ಹೆದರಿ ಬೇಡ ಎಂದೆ ಎಂದು ಅವನು ತನಗೆ ತಾನೇ ಹೇಳಿಕೊಂಡ, ಆ ಮಾತು ಲ್ಯಾಕ್ಟೋಮೀಟರಿನ ಹಾಗೆ ಸ್ವಲ್ಪ ಮುಳುಗಿ ಮತ್ತೆ ಮೇಲೆ ಬಂತು. ರಜೆ ಹಾಕಿ ಹೋಗಬಹುದಿತ್ತು. ಹಿಂದೊಮ್ಮೆ ಕರೆಂಟು ಹೋದಾಗ ಟ್ಯಾಂಕಿನ ಕಾರಣ ಹೇಳಿ ಅರ್ಧ ದಿನ ಕೇಳಿದ್ದಕ್ಕೆ ಮ್ಯಾನೇಜರು ಎಲ್ಲರೆದುರು, ಇವರ ಮನೇಲಿ ತರಕಾರಿಗೆ ಹುಷಾರಿಲ್ಲವಂತೆ ಅಂದಿದ್ದರು. ಅವನು ಮುಂದಿನ ಕ್ಯಾನಿನ ಮುಚ್ಚಳ ತೆಗೆದ. ಒಂದು ಸಲ, ಒಂದೇ ಒಂದು ಸಲ ಅದು ವಿಷ ಬಿಟ್ಟು ನನ್ನ ಮಾತು ಉಳಿಸಿಬಿಟ್ಟರೆ, ಎಂದು ಯಾರೋ ಯೋಚಿಸಿದ ಹಾಗಾಯಿತು. ಸುತ್ತ ನೋಡಿದ. ಯಾರೂ ಇರಲಿಲ್ಲ. ಕ್ಯಾನಿನೊಳಗಿನ ಹಾಲಿನಲ್ಲಿ ತನ್ನ ತಲೆಯ ನೆರಳು ಮಸುಕಾಗಿ ಕಾಣಿಸಿತು. ಗಬಕ್ಕನೆ ಮೀಟರು ಅದ್ದಿ ಅದನ್ನು ಒಡೆದ.

ಸಂಜೆ ಸ್ಕೂಟರು ಗುಡ್ಡಗಳ ಪಕ್ಕ ಬರುವಾಗ ಗಾಳಿ ಎದ್ದಿತ್ತು. ಬೂದಿಬಿಳುಪಿನ ಪುಡಿ ರಸ್ತೆಗೆ ಅಡ್ಡವಾಗಿ ಹಾಯುತ್ತಿತ್ತು. ಹುಡುಗಿಯರು ದುಪಟ್ಟಾ ಮೂಗಿಗೆ ಹಿಡಿದು ಮಾತು ನಿಲ್ಲಿಸದೆ ನಡೆಯುತ್ತಿದ್ದರು. ಚಿಕ್ಕವನಿದ್ದಾಗ ತಗಡಿನ ತುಂಡಿನ ಮೇಲೆ ಕೂತು ಅಲ್ಲಿಂದಲೇ ಜಾರುತ್ತಿದ್ದ ಅಂಬರೀಶ. ಮನೆಗೆ ಹೋದರೆ ಅಮ್ಮ ಮೊದಲು ಬೆನ್ನಿಗೆ ಎರಡು ಬಿಟ್ಟು, ಆಮೇಲೆ ಸೆರಗಿನಿಂದ ಮೈಯೆಲ್ಲ ಕೊಡವುತ್ತಿದ್ದಳು. ಒಂದು ದಿನ ಅವಳು ಅವನ ಉಡಿದಾರಕ್ಕೆ ತಾಮ್ರದ ತೂತು ಕಾಸೊಂದನ್ನು ಪೋಣಿಸಿ ಕಟ್ಟಿದಳು, ಅವಳ ತಾಯಿ ಕೊಟ್ಟದ್ದು. ಇದಿದ್ರೆ ಆ ಗುಡ್ಡದ ವಿಸ ಮೈಗತ್ತಲ್ಲ ಅಂದಿದ್ದಳು. ಹತ್ತಲಿಲ್ಲವೋ, ಹತ್ತಿಯೂ ಗೊತ್ತಾಗಲಿಲ್ಲವೋ. ಈಜಲು ಬೇತಮಂಗಲದ ಕೆರೆಗೆ ಹೋದಾಗ ಬೇರೆ ಹುಡುಗರು ಆ ಕಾಸು ಹಿಡಿದೆಳೆದು ನಗುತ್ತಿದ್ದರು. ಹೈಸ್ಕೂಲಿಗೆ ಸೇರಿದ ದಿನ ಬಿಚ್ಚಿ ಎಸೆದ, ಅಮ್ಮ ಎತ್ತಿಟ್ಟುಕೊಂಡಳು. ಈ ನೆನಪು ಈಗ ಯಾಕೆ ಬಂತೆಂದು ಅವನಿಗೆ ಹೊಳೆಯಲಿಲ್ಲ. ಕಣ್ಣಿಗೆ ಪುಡಿ ಬಿದ್ದು ನೀರು ಸುರಿಯಿತು. ಒಂದು ಕಣ್ಣು ಮುಚ್ಚಿಕೊಂಡೇ ಮನೆಯ ಬೀದಿಗೆ ತಿರುಗಿದ.

ಬಾಗಿಲಲ್ಲಿ ಚಪ್ಪಲಿಗಳು ಹೆಚ್ಚಿದ್ದವು. ಒಳಗೆ ಟ್ಯಾಂಕಿನ ನೀರು ತೆಳುವಾದ ಹಾಲಿನ ಹಾಗಿತ್ತು. ಕ್ಯಾನಿನಲ್ಲಿ ಬಂದಿದ್ದರೆ ಅವನು ಮೀಟರು ಇಳಿಸದೆಯೇ ವಾಪಸ್ ಅನ್ನುತ್ತಿದ್ದ. ಆ ಮಬ್ಬಿನಲ್ಲಿ ಕಿತ್ತಳೆ ಬಣ್ಣದ ಎರಡು ತುಂಡು ಮಗ್ಗುಲಾಗಿ ತೇಲಿ, ಪಂಪಿನ ನೀರು ತಳ್ಳಿದಾಗ ಗಾಜಿಗೆ ಬಂದು, ತಿರುಗಿ, ಮತ್ತೆ ಹೋಗುತ್ತಿದ್ದವು. ಬದನೆಕಾಯಿ ಮೂಲೆ ಬಿಟ್ಟಿತ್ತು. ಕರುಳನ್ನೆಲ್ಲ ಹೊರಗೆ ಹಾಕಿ, ಖಾಲಿ ಚೀಲವಾಗಿ, ಮರಳಿನ ಮೇಲೆ ಬಿದ್ದಿತ್ತು. ಬಾಯಿ ತೆರೆದಿತ್ತು. ಸ್ಪೆಷಲ್ ಕ್ಲಾಸು ಮುಗಿಸಿ ಬಂದ ಲಿಖಿತ ಶಾಲೆಯ ಬ್ಯಾಗು ಬೆನ್ನಿನಿಂದ ಇಳಿಸದೆ ನೆಲದ ಮೇಲೆ ಕೂತಿದ್ದಳು. ಅವಳು ಟ್ಯಾಂಕಿನ ಕಡೆ ನೋಡುತ್ತಿರಲಿಲ್ಲ. ಪಕ್ಕದ ಬಕೀಟನ್ನು ನೋಡುತ್ತಿದ್ದಳು. ಬೆಳಿಗ್ಗೆಯಿಂದ ಅದು ಬಿಡದೆ ಗುಳುಗುಳು ಅನ್ನುತ್ತಿತ್ತು, ನೀರು ಶುಭ್ರವಾಗಿತ್ತು.

‘ಬಕೀಟಲ್ಲಿ ಏನೂ ಇಲ್ಲ ಅಪ್ಪಾ’ ಅಂದಳು.

ಅವನು ಶರ್ಟಿನ ತೋಳು ಮಡಿಸುವುದನ್ನೂ ಮರೆತು ಕೈ ಇಳಿಸಿದ. ಅಂಥ ವಿಷದ ಪ್ರಾಣಿ ಬೆರಳಿಗೆ ನೆನೆದ ಬಟ್ಟೆಯ ಹಾಗೆ ಸಿಕ್ಕಿತು. ಅದನ್ನು ಎತ್ತುವಾಗ ಕೆಳಗಿನ ಮರಳು ಸರಿದು ಇನ್ನೇನೋ ಬೆರಳಿಗೆ ತಾಗಿತು, ದುಂಡಗೆ, ನಡುವೆ ತೂತು. ಹೊರಗೆ ತೆಗೆದ. ಹಸಿರು ಕಿಲುಬು ಹಿಡಿದು ಉಬ್ಬಿದ್ದರೂ ಅವನ ಬೆರಳು ಅದನ್ನು ಅವನಿಗಿಂತ ಮೊದಲೇ ಗುರುತಿಸಿತ್ತು. ತಾಮ್ರ. ಬೆನ್ನುಮೂಳೆಯಿಲ್ಲದ ಈ ಜೀವಗಳಿಗೆ ತಾಮ್ರದ ಚೂರೂ ಆಗುವುದಿಲ್ಲ, ನೀರಿಗೆ ಇಳಿದರೆ ಸಾಕು. ಆ ಮೂಲೆಯ ಪ್ಲಗ್ಗಿನ ತಂತಿ ತಾಮ್ರದ್ದೆಂದು ಅದನ್ನೂ ಟೇಪು ಸುತ್ತಿ ದೂರವಿಟ್ಟಿದ್ದ ಅವನು.

‘ಅಮ್ಮಾ, ಇದು?’

ಮುನಿಗಂಗಮ್ಮ ನಾಚಿಕೆಪಟ್ಟುಕೊಂಡವಳ ಹಾಗೆ ಸೆರಗು ಸರಿಮಾಡಿಕೊಂಡಳು. ಗೌರಿ ಹಬ್ಬದ ದಿನ ಹಾಕಿದ್ದಳಂತೆ. ಮನೆಯೊಳಗೆ ಅಷ್ಟು ನೀರು ನಿಲ್ಲಿಸಿಕೊಂಡು, ಅದರಲ್ಲಿ ವಿಷದ್ದನ್ನು ಬಿಟ್ಟುಕೊಂಡು, ಗಂಗೆಗೆ ಒಂದು ಅರಿಸಿನವಿಲ್ಲ ಕುಂಕುಮವಿಲ್ಲ. ಮಗ ನೀರಿಗೆ ಏನೂ ಹಾಕಕೂಡದೆಂದು ಗದರುತ್ತಾನೆಂದು ಅರಿಸಿನ ಹಾಕಲಿಲ್ಲ. ಕಾಸಾದರೆ ಕರಗುವುದಿಲ್ಲ. ಮೊಮ್ಮಗಳು ದಿನಾ ಆ ನೀರಿಗೆ ಬೆರಳಿಡುತ್ತಾಳೆ. ಕಿಲುಬಿನ ಪಾತ್ರೆಯಲ್ಲಿ ಮೊಸರು ಇಟ್ಟವಳಲ್ಲ ತಾನು, ಹುಣಿಸೆಹಣ್ಣು ಹಾಕಿ ತಿಕ್ಕಿ, ಚಿನ್ನದ ಹಾಗೆ ಬೆಳಗಿ, ಕೈಮುಗಿದು ಬಿಟ್ಟದ್ದು. ಈಗ ಅವಳು ಅವನ ಅಂಗೈಯಿಂದ ಕಾಸನ್ನೆತ್ತಿ, ಬೆಳಕಿಗೆ ಹಿಡಿದು, ಹಸಿರನ್ನು ಉಗುರಿನಿಂದ ಕೆರೆದು, ಬಾಗಿಲಲ್ಲಿ ನಿಂತವರಿಗೂ ಕಾಣಲೆಂದು ತಿರುಗಿಸಿದಳು.

‘ನೋಡ್ರಪ್ಪ. ಎಂಗೆ ಬೆಳಗಿ ಬಿಟ್ಟಿದ್ದೆ, ಎಂಗಾಗೈತೆ. ವಿಸಾನೆಲ್ಲ ಇದೇ ಎಳ್ಕಂಡೈತೆ. ಇಲ್ದಿದ್ರೆ ಮಗು ಗತಿ ಏನಾಗ್ತಿತ್ತು.’

ಶ್ರೀರಾಮಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದು, ಕನ್ನಡಕ ಏರಿಸಿ, ಟ್ಯಾಂಕನ್ನೂ ಕಾಸನ್ನೂ ಸರದಿಯಂತೆ ನೋಡಿದರು. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದರು. ಆ ಒಂದು ಹೆಜ್ಜೆಗಾಗಿ ಅಂಬರೀಶ ಎಷ್ಟು ಸಂಜೆ ಕಾದಿದ್ದ.

‘ನಿಜವಾಗ್ಲೂ ವಿಷ ಇತ್ತು ಕಣಪ್ಪಾ ಅಂಬರೀಶ. ನಾವೆಲ್ಲ ತಮಾಷೆ ಮಾಡಿಬಿಟ್ವಿ’ ಅಂದರು. ಅದನ್ನು ಮೋರಿಗೆ ಹಾಕಬೇಡ, ಗುಡ್ಡದ ಮೇಲೆ ಹೂತು ಬಾ, ಅಲ್ಲಿ ಇನ್ನು ಕೆಡುವುದೇನೂ ಉಳಿದಿಲ್ಲ ಎಂದೂ ಸಲಹೆ ಕೊಟ್ಟರು.

ಲಿಖಿತ ಎದ್ದು ನಿಂತಳು. ಅವಳ ಕಣ್ಣು ಒಣಗಿದ್ದವು. ಹಾಗಾದರೆ ಮೀನು ಯಾಕೆ ಸತ್ತವು ಎಂದು ಕೇಳಿದಳು, ಅಜ್ಜಿಯನ್ನಲ್ಲ, ಅವನನ್ನು. ಉತ್ತರ ಅಜ್ಜಿಯ ಕೈಯಲ್ಲಿ ಹಸಿರಾಗಿ ಹೊಳೆಯುತ್ತಿತ್ತು. ಆ ಕಾಸೇ ಎಂದು ಒಂದು ಮಾತು ಹೇಳಿದರೆ ಸಾಕಿತ್ತು. ಮೆಲ್ಲಗೆ, ಬೇರೆ ಕಡೆ ನೋಡಿಕೊಂಡು ಹೇಳುವುದು ಅವನಿಗೆ ಅಭ್ಯಾಸವೇ. ಮಗಳಿಗೆ ತಾಮ್ರದ ವಿಷಯ ಗೊತ್ತು, ನಂಬುತ್ತಿದ್ದಳು; ಬಕೀಟು ಮರೆತುಹೋಗುತ್ತಿತ್ತು, ಫೋನಿನ ಮಾತು ಮರೆತುಹೋಗುತ್ತಿತ್ತು, ಉಳಿಯುತ್ತಿದ್ದದ್ದು ಮುದುಕಿಯ ತಪ್ಪು. ಆದರೆ ಹಬ್ಬಕ್ಕೂ ಮುಂಚೆ ಹೀರೇಕಾಯಿ ಆಗಿತ್ತಲ್ಲ ಅದು. ಬೆಳಿಗ್ಗೆ ಅವನ ಬೆರಳು ಅದರಿಂದ ಎಷ್ಟು ದೂರವಿತ್ತು. ಶಶಿರೇಖ ಮಷೀನಿನ ಮುಂದೆ ಕೈಕಟ್ಟಿ ಕೂತು ಅವನ ಬಾಯಿಯನ್ನೇ ನೋಡುತ್ತಿದ್ದಳು. ಸೌಟಿನ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ, ಹೇಳುವವಳೂ ಅಲ್ಲ. ಅಮ್ಮ ಕಾಸು ಹಿಡಿದು ನಿಂತಿದ್ದಳು, ಗುಡ್ಡದಿಂದ ಜಾರಿ ಬಂದ ಹುಡುಗನ ಮೈ ಕೊಡವಿ ಆಯಿತು ಎಂಬ ಮುಖದಲ್ಲಿ.

‘ವಿಷ’ ಅಂದ ಅಂಬರೀಶ. ‘ಅದರ ವಿಷವೇ.’

‘ಬೆಳಿಗ್ಗೆ ತೆಗೆದಿದ್ರೆ?’

ಅವನು ಬೇರೆ ಕಡೆ ನೋಡಿದ. ಬೇರೆ ಕಡೆ ಬಕೀಟು ಇತ್ತು. ‘ಕೇಳ್ತಿದ್ದೀನಿ ಅಪ್ಪಾ’ ಅಂದಳು ಅವಳು. ಬಗ್ಗಿ, ಗೋಡೆಯ ಸ್ವಿಚ್ಚನ್ನು ಒತ್ತಿದಳು. ಬಕೀಟಿನ ಗುಳ್ಳೆ ನಿಂತಿತು. ಬೀದಿಯವರಲ್ಲಿ ಯಾರೋ, ಪಾಪ, ತುಂಬಾ ಧೈರ್ಯದ ಮನುಷ್ಯ, ಅಂಥದ್ದನ್ನ ಮನೇಲಿ ಸಾಕಿದ್ದ ನೋಡಿ, ಎಂದು ಹೇಳುತ್ತ ಹೋದದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು.

ಮುನಿಗಂಗಮ್ಮ ಕಾಸನ್ನು ಹುಣಿಸೆಹಣ್ಣಿನಲ್ಲಿ ತಿಕ್ಕಿ ತೊಳೆದು, ಮೊಮ್ಮಗಳಿಗೆ ಕಟ್ಟಲು ಹೋದಳು. ಲಿಖಿತ ಬೇಡ ಅಂದಳು. ದೇವರ ಮುಂದೆ ಇಟ್ಟರು. ಭಾನುವಾರ ಟ್ಯಾಂಕನ್ನು ಖಾಲಿ ಮಾಡಿ ತಾರಸಿಗೆ ಹಾಕಿದರು. ಸೋಮವಾರ ಆ ಮೂಲೆಗೆ ಓವರ್‌ಲಾಕ್ ಮಷೀನು ಬಂತು. ಚೆನ್ನಾಗಿ ಓಡುತ್ತಿದೆ.